ಸವಳಿನ ಜಾಡು ಹಿಡಿಯುವುದು ಹೇಗೆ?

ಕಾಲುವೆ ಬಂದ್ ಆಗಿ ಎರಡು ವಾರ ಕಳೆದ ಮೇಲೆ, ಏಪ್ರಿಲ್ ಬಿಸಿಲಲ್ಲಿ ಗಂಗಾವತಿಯಿಂದ ಕಾರಟಗಿ ದಾಟಿ ಸಿಂಧನೂರಿನ ಕಡೆ ಹೊರಟರೆ, ಕೊಯ್ಲಾದ ಗದ್ದೆಗಳ ನಡುವೆ ಅಲ್ಲಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಯಾರೋ ಸುಣ್ಣ ಚೆಲ್ಲಿ ಹೋದ ಹಾಗೆ. ಹಳ್ಳದ ಪಕ್ಕದ ತಗ್ಗಿನಲ್ಲಿ ಹೆಚ್ಚು, ಬದುವಿನ ಮೈಮೇಲೆ ಇನ್ನೂ ಹೆಚ್ಚು. ಬೆರಳಿನಿಂದ ಕೆರೆದರೆ ಮೇಲಿನ ಪದರ ಹಪ್ಪಳದಂತೆ ಎದ್ದು ಬರುತ್ತದೆ, ಅದರಡಿಯ ಮಣ್ಣು ಬೂದಿಯ ಹಾಗೆ ಹುಡಿಹುಡಿ. ಈ ಭಾಗದವರು ಇದನ್ನು ಸವಳು ಎನ್ನುತ್ತಾರೆ. ನೀರು ನಿಂತು ನೆಲ ಕೆಟ್ಟರೆ ಜವಳು. ಎರಡೂ ಒಂದರ ಬೆನ್ನಿಗೊಂದು ಬರುವುದರಿಂದ ‘ಸವಳು-ಜವಳು’ ಎಂಬ ಜೋಡಿಪದವೇ ಬಳಕೆಯಲ್ಲಿದೆ.

ಬಿಳಿ ಕಾಣುವ ಜಾಗದಲ್ಲಿ ಬೆಳೆ ಬರುವುದಿಲ್ಲ ಎಂಬುದು ಹೊಲದ ಒಡೆಯನಿಗೆ ಯಂತ್ರ ಬಂದು ಹೇಳಬೇಕಾಗಿಲ್ಲ. ನಷ್ಟ ಮಾಡುವುದು ಅದರ ಸುತ್ತಲಿನ ನೆಲ. ಅಲ್ಲಿ ಮೇಲೆ ಬಿಳಿ ಇಲ್ಲ, ಪೈರು ಹಸಿರಾಗಿಯೇ ಇದೆ, ಆದರೆ ಬೇರಿನ ಮಟ್ಟದಲ್ಲಿ ಉಪ್ಪು ಕೂತಿದೆ. ಎಕರೆಗೆ ಐದು ಚೀಲವೋ ಹತ್ತು ಚೀಲವೋ ಕಡಿಮೆ ಬೀಳುತ್ತದೆ. ಗೊಬ್ಬರ ಸಾಲದಾಯಿತೆಂದು ಇನ್ನೊಂದು ಮೂಟೆ ಯೂರಿಯಾ ಬೀಳುತ್ತದೆ, ಬೀಜ ಸರಿಯಿರಲಿಲ್ಲವೆಂದು ಅಂಗಡಿಯವನಿಗೆ ಬೈಗುಳ ಬೀಳುತ್ತದೆ. ಆ ಕಾಣದ ಉಪ್ಪನ್ನು ಹೊಲದುದ್ದಕ್ಕೂ ಅಳೆದು ನಕ್ಷೆಗೆ ಇಳಿಸುವ ದಾರಿ ಈಗ ಇದೆ. ಅದನ್ನು ಮಾಡಿಸುವವರು ಏನೇನು ತಿಳಿದಿರಬೇಕು ಎಂಬುದಷ್ಟೇ ಈ ಬರಹ.

ಸಿಹಿನೀರಿನಲ್ಲೂ ಉಪ್ಪಿದೆ

ಮೊದಲು ಒಂದು ಸಣ್ಣ ಲೆಕ್ಕ. ಕಾಲುವೆ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಉಪ್ಪು ಕರಗಿದೆ ಎಂದುಕೊಳ್ಳಿ. ಕುಡಿದರೆ ನಾಲಿಗೆಗೆ ತಿಳಿಯುವುದೂ ಇಲ್ಲ. ಒಂದು ಭತ್ತದ ಬೆಳೆಗೆ ಒಟ್ಟು ಒಂದು ಮೀಟರ್ ಎತ್ತರದಷ್ಟು ನೀರು ಹರಿಸಿದರೆ ಎಕರೆಗೆ ಸುಮಾರು 40 ಲಕ್ಷ ಲೀಟರ್ ಆಯಿತು. ಅದರ ಜೊತೆ ಬಂದ ಉಪ್ಪು 800 ಕಿಲೋ. ವರ್ಷಕ್ಕೆ ಎರಡು ಬೆಳೆ ತೆಗೆದರೆ 1,600 ಕಿಲೋ, ಅಂದರೆ 50 ಕಿಲೋ ಚೀಲದ ಲೆಕ್ಕದಲ್ಲಿ 32 ಚೀಲ. ನೀರು ಆವಿಯಾಗಿ ಹೋಗುತ್ತದೆ, ಪೈರು ಹೀರಿಕೊಳ್ಳುತ್ತದೆ. ಉಪ್ಪು ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಬಸಿದು ಹೊರಗೆ ಹೋಗಲು ದಾರಿ ಇದ್ದರೆ ಮಾತ್ರ ಹೋಗುತ್ತದೆ.

ತುಂಗಭದ್ರಾ ಅಣೆಕಟ್ಟೆಗೆ ನೀರು ನಿಂತದ್ದು 1953ರಲ್ಲಿ. ಎಡದಂಡೆ ಕಾಲುವೆಯ ಬಹುಪಾಲು ಅಚ್ಚುಕಟ್ಟನ್ನು ಲಘು ನೀರಾವರಿಗೆಂದು, ಜೋಳ-ಹತ್ತಿಯಂಥ ಬೆಳೆಗೆಂದು ಯೋಜಿಸಿದ್ದರು. ಬೆಳೆದದ್ದು ಭತ್ತ. ಎರೆಭೂಮಿಯಲ್ಲಿ ನೀರು ಕೆಳಗಿಳಿಯುವುದೇ ನಿಧಾನ, ಬಸಿಗಾಲುವೆಗಳಲ್ಲಿ ಹೂಳು, ಆಪು. ಅಂತರ್ಜಲ ಮೇಲೇರಿತು, ಅದರೊಂದಿಗೆ ನೆಲದಾಳದ ಉಪ್ಪೂ ಏರಿತು. ದೇಶದಲ್ಲಿ ಸವಳು ಮತ್ತು ಕ್ಷಾರದಿಂದ ಕೆಟ್ಟ ನೆಲ 67.3 ಲಕ್ಷ ಹೆಕ್ಟೇರ್ ಎಂಬುದು ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಲೆಕ್ಕ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ನಮ್ಮ ಕಡೆ ಇದೇ ಸಮಸ್ಯೆಯ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದೆ.

ಆರೆಕರೆಗೆ ಒಂದು ಮಾದರಿ ಸಾಕೇ?

2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿ ಹಲವರ ಮನೆಯಲ್ಲಿದೆ. ಅದರಲ್ಲಿ ‘ಇಸಿ’ ಎಂಬ ಸಾಲಿರುತ್ತದೆ. ಮಣ್ಣಿನ ವಿದ್ಯುತ್ ವಾಹಕತೆ ಎಂದರ್ಥ. ಉಪ್ಪು ಹೆಚ್ಚಿದಷ್ಟೂ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಅದೇ ಉಪ್ಪಿನ ಅಳತೆ. ಆದರೆ ಆ ಯೋಜನೆಯಲ್ಲಿ ನೀರಾವರಿ ಜಮೀನಿಗೆ ಎರಡೂವರೆ ಹೆಕ್ಟೇರಿಗೆ, ಅಂದರೆ ಆರು ಎಕರೆಗೆ ಒಂದು ಮಾದರಿ. ಸಾರಜನಕ, ರಂಜಕಕ್ಕೆ ಅದು ನಡೆದೀತು. ಸವಳು ಹತ್ತು ಹೆಜ್ಜೆಗೆ ಬದಲಾಗುವ ಪ್ರಾಣಿ. ಆರೆಕರೆಯ ಒಂದು ಅಂಕಿ ಅದರ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ಆ ಅಂಕಿಯಲ್ಲೇ ಇನ್ನೊಂದು ತೊಡಕಿದೆ. ಪ್ರಯೋಗಾಲಯದವರು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ಬೆಳೆ ಎಷ್ಟು ಉಪ್ಪು ತಡೆದೀತು ಎಂದು ಪುಸ್ತಕಗಳಲ್ಲಿ ಕೊಡುವ ಅಂಕಿ ಬೇರೆಯದು: ಮಣ್ಣನ್ನು ಕೆಸರು ಮಾಡಿ, ಅದರಿಂದ ಹಿಂಡಿ ತೆಗೆದ ನೀರಿನ ವಾಹಕತೆ. ಇದನ್ನು ‘ಇಸಿಇ’ ಎನ್ನುತ್ತಾರೆ. ಎರೆಮಣ್ಣಿನಲ್ಲಿ ಇದು ಮೊದಲಿನದಕ್ಕಿಂತ ಸ್ಥೂಲವಾಗಿ ಎರಡೂವರೆಯಿಂದ ನಾಲ್ಕು ಪಟ್ಟು ಹೆಚ್ಚು ಬರುತ್ತದೆ. ಚೀಟಿಯಲ್ಲಿ 1.5 ಎಂದಿದ್ದರೆ ‘ಪರವಾಗಿಲ್ಲ’ ಎಂದು ಮಡಿಸಿ ಇಡಬೇಡಿ. ನಿಜವಾದ ಲೆಕ್ಕದಲ್ಲಿ ಅದು 5ರ ಆಸುಪಾಸು ಇರಬಹುದು. ಅಮೆರಿಕದ ರಿವರ್‌ಸೈಡ್‌ನ ಲವಣ ಪ್ರಯೋಗಾಲಯ 1954ರಲ್ಲಿ ಹೊರತಂದ ಕೈಪಿಡಿಯ ಕಾಲದಿಂದಲೂ ಇಸಿಇ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ ಮಣ್ಣನ್ನು ಸವಳು ಎಂದೇ ಕರೆಯುತ್ತಾರೆ.

ಯಂತ್ರ ಏನು ಮಾಡುತ್ತದೆ

ಆ ಕಾಣದ ಉಪ್ಪಿನ ಜಾಡು ಹಿಡಿಯಲು ಬಳಸುವ ಯಂತ್ರಕ್ಕೆ ಮೊಬೈಲ್ ಸೆನ್ಸರ್ ಎನ್ನುತ್ತಾರೆ. ಹೆಸರು ಕೇಳಿದ ಕೂಡಲೇ ಜೇಬಿನ ಫೋನು ನೆನಪಾದರೆ ತಪ್ಪಿಲ್ಲ, ಆದರೆ ಇದು ಅದಲ್ಲ. ಹೊಲದಲ್ಲಿ ಓಡಾಡಿಕೊಂಡೇ ಅಳೆಯುವ ಉಪಕರಣ. ಎರಡು ಬಗೆ ಮುಖ್ಯ.

ಒಂದು, ನೆಲಕ್ಕೆ ತಾಗುವಂಥದ್ದು. ಕುಂಟೆಯ ಹಾಗೆ ಟ್ರ್ಯಾಕ್ಟರ್ ಹಿಂದೆ ಕಟ್ಟುತ್ತಾರೆ. ಉಕ್ಕಿನ ತಟ್ಟೆಗಳು ಮಣ್ಣನ್ನು ಸೀಳುತ್ತ ಹೋಗುತ್ತವೆ, ಒಂದು ಜೊತೆ ತಟ್ಟೆ ವಿದ್ಯುತ್ ಹರಿಸುತ್ತದೆ, ಉಳಿದವು ಅಳೆಯುತ್ತವೆ. ವೆರಿಸ್ ಕಂಪನಿಯ 3100 ಮಾದರಿ ಮೇಲಿನ 30 ಸೆಂ.ಮೀ. ಮತ್ತು 90 ಸೆಂ.ಮೀ. ಎರಡನ್ನೂ ಒಟ್ಟಿಗೆ ಓದುತ್ತದೆ. (ಈ ಕಂಪನಿ ಇರುವ ಕಾನ್ಸಾಸ್‌ನ ಊರಿನ ಹೆಸರು ಸಲೈನಾ! ಉಪ್ಪಿನ ಹೊಳೆಯಿಂದ ಬಂದ ಹೆಸರು.) ಒಣಗಿ ಬಾಯಿಬಿಟ್ಟ ಎರೆಯಲ್ಲಿ ತಟ್ಟೆ ಮಣ್ಣಿಗೆ ಸರಿಯಾಗಿ ತಾಗುವುದಿಲ್ಲ. ಹಾಗಾಗಿ ನಮ್ಮ ನೆಲಕ್ಕೆ ಎರಡನೆಯ ಬಗೆಯೇ ಹೆಚ್ಚು ಹೊಂದುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಅದು ಮಣ್ಣನ್ನು ಮುಟ್ಟುವುದೇ ಇಲ್ಲ. ಕೆನಡಾದ ಜಿಯೋನಿಕ್ಸ್ ಕಂಪನಿಯ ಇಎಂ-38 ಇದರಲ್ಲಿ ಹಳೆಯ ಹೆಸರು. ನೋಡಲು ಗಾರೆ ಕೆಲಸದವರ ಮಟ್ಟಗೋಲಿನ ಹಾಗೆ ಒಂದು ಮೀಟರ್ ಉದ್ದದ ಪಟ್ಟಿ. ಒಂದು ತುದಿಯ ಸುರುಳಿ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಅದರಿಂದ ನೆಲದೊಳಗೆ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ, ಇನ್ನೊಂದು ತುದಿಯ ಸುರುಳಿ ಅವುಗಳ ಬಲವನ್ನು ಓದುತ್ತದೆ. ಪಟ್ಟಿಯನ್ನು ನೆಟ್ಟಗೆ ಹಿಡಿದರೆ ಸುಮಾರು ಒಂದೂವರೆ ಮೀಟರ್ ಆಳದವರೆಗಿನ ಓದು, ಮಗ್ಗುಲಾಗಿ ಮಲಗಿಸಿದರೆ ಸುಮಾರು ಮುಕ್ಕಾಲು ಮೀಟರ್ ಆಳದ್ದು.

ಈ ಎರಡು ಓದನ್ನು ಹೋಲಿಸುವುದರಲ್ಲೇ ಅರ್ಧ ವಿದ್ಯೆ ಇದೆ. ಆಳದ ಓದು ದೊಡ್ಡದು, ಮೇಲಿನದು ಚಿಕ್ಕದು ಬಂದರೆ ನೀರು ಉಪ್ಪನ್ನು ಕೆಳಕ್ಕೆ ತಳ್ಳುತ್ತಿದೆ ಎಂದರ್ಥ. ನೀರಾವರಿ ನೆಲದಲ್ಲಿ ಇದು ಒಳ್ಳೆಯ ಸೂಚನೆ. ಮೇಲಿನದೇ ದೊಡ್ಡದಾಗಿ ಬಂದರೆ ಉಪ್ಪು ಕೆಳಗಿನಿಂದ ಮೇಲಕ್ಕೆ ಬರುತ್ತಿದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಅಲ್ಲಿ ಅಂತರ್ಜಲ ಹತ್ತಿರವೇ ಇದೆ. ಹೊಲ ಹಾಳಾಗುವ ಮೊದಲೇ ಸಿಗುವ ಎಚ್ಚರಿಕೆ ಇದು. ಬಿಳಿ ಪದರ ಕಾಣುವುದು ಇನ್ನೂ ಎರಡು-ಮೂರು ಬೆಳೆ ಆದ ಮೇಲೆ ಇರಬಹುದು.

ಐದು ಎಕರೆ ಹೊಲಕ್ಕೆ ಎಷ್ಟು ಹೊತ್ತು ಬೇಕು? ಹತ್ತು ಮೀಟರಿಗೊಂದು ಸಾಲಿನಂತೆ ಓಡಿಸಿದರೆ ಒಟ್ಟು ಎರಡು ಕಿಲೋಮೀಟರ್. ಟ್ರ್ಯಾಕ್ಟರ್ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋದರೆ ಹದಿನೈದು ನಿಮಿಷ. ಸೆಕೆಂಡಿಗೊಂದು ಓದು ಎಂದರೆ 900 ಅಂಕಿಗಳು, ಪ್ರತಿಯೊಂದಕ್ಕೂ ಜಿಪಿಎಸ್ ಗುರುತು. ಭತ್ತದ ಮಡಿಗಳಲ್ಲಿ ಬದು ದಾಟಿಸುವುದು ಕಷ್ಟವಾದರೆ ಮರದ ಹಲಗೆಯ ಮೇಲೆ ಇಟ್ಟು ಎಳೆದುಕೊಂಡು ನಡೆಯಬಹುದು. ಅರ್ಧ ಗಂಟೆ ಹಿಡಿಯುತ್ತದೆ, ಅಂಕಿಗಳು ದುಪ್ಪಟ್ಟು ಸಿಗುತ್ತವೆ.

ಯಂತ್ರಕ್ಕೆ ಉಪ್ಪು ಗೊತ್ತಿಲ್ಲ

ಇಷ್ಟು ಕೇಳಿದವರು ಯಂತ್ರ ಉಪ್ಪನ್ನು ಅಳೆಯುತ್ತದೆ ಎಂದು ತಿಳಿಯುತ್ತಾರೆ. ಬಾಡಿಗೆಗೆ ತಂದವರೂ ಕೆಲವೊಮ್ಮೆ ಹಾಗೇ ಹೇಳುತ್ತಾರೆ. ಅಲ್ಲ. ಅದು ಅಳೆಯುವುದು ವಿದ್ಯುತ್ ಎಷ್ಟು ಸಲೀಸಾಗಿ ಹರಿಯಿತು ಎಂಬುದನ್ನು ಮಾತ್ರ. ಉಪ್ಪಿದ್ದರೂ ಹರಿಯುತ್ತದೆ, ತೇವವಿದ್ದರೂ ಹರಿಯುತ್ತದೆ, ಜೇಡಿ ಹೆಚ್ಚಿದ್ದರೂ ಹರಿಯುತ್ತದೆ, ಮಣ್ಣು ಬಿಸಿಯಾದರೂ ಹರಿಯುತ್ತದೆ. ಒಂದೇ ಹೊಲದಲ್ಲಿ ಅರ್ಧ ಎರೆ, ಅರ್ಧ ಮಸಾರಿ ಇದ್ದರೆ, ಉಪ್ಪು ಎರಡರಲ್ಲೂ ಸಮನಾಗಿದ್ದರೂ ನಕ್ಷೆಯಲ್ಲಿ ಎರೆಯ ಕಡೆ ಕೆಂಪಗೆ ಕಾಣುತ್ತದೆ. ಅದನ್ನು ನಂಬಿ ಎರೆಯ ಅರ್ಧಕ್ಕೆ ದುಡ್ಡು ಸುರಿದರೆ ಕೈ ಸುಟ್ಟುಕೊಂಡ ಹಾಗೇ.

ಆದ್ದರಿಂದ ಸಮೀಕ್ಷೆಯ ದಿನ ಕೆಲವು ವಿಷಯಗಳಲ್ಲಿ ಹಟ ಹಿಡಿಯಬೇಕು. ಮೊದಲನೆಯದು ಹದ. ನೀರು ಬಿಟ್ಟು ಎರಡು-ಮೂರು ದಿನ ಕಳೆದು, ಹೆಚ್ಚಿನ ನೀರು ಇಳಿದು, ಮಣ್ಣು ಇನ್ನೂ ಹಸಿಯಾಗಿರುವಾಗ ಓಡಿಸಬೇಕು. ಎರೆಯಲ್ಲಿ ಇನ್ನೊಂದೆರಡು ದಿನ ಹೆಚ್ಚು ಕಾಯಬೇಕಾದೀತು. ಪೂರ್ತಿ ಒಣಗಿದ ನೆಲದಲ್ಲಿ ಉಪ್ಪಿದ್ದರೂ ವಿದ್ಯುತ್ ಹರಿಯುವುದಿಲ್ಲ, ಅರ್ಧ ಒಣಗಿ ಅರ್ಧ ಹಸಿಯಿದ್ದರೆ ನಕ್ಷೆ ಬರುವುದು ತೇವದ್ದು. ಭತ್ತದ ಗದ್ದೆಯಲ್ಲಿ ಕೊಯ್ಲಿಗೆ ಮುಂಚೆ ನೀರು ಕಡಿದು, ಕೊಯ್ಲಾದ ಕೂಡಲೇ ಸಿಗುವ ನಾಲ್ಕಾರು ದಿನವೇ ಒಳ್ಳೆಯ ಸಮಯ. ಒಂದು ಹೊಲವನ್ನು ಒಂದೇ ದಿನ ಮುಗಿಸಬೇಕು.

ಎರಡನೆಯದು ಶಾಖ. ಒಂದು ಡಿಗ್ರಿ ಏರಿದರೆ ಓದು ಸುಮಾರು ಶೇ 2ರಷ್ಟು ಏರುತ್ತದೆ. ಎಲ್ಲ ಅಂಕಿಗಳನ್ನೂ 25 ಡಿಗ್ರಿ ಸೆಲ್ಸಿಯಸ್‌ಗೆ ತಂದು ಹೋಲಿಸುವುದು ರೂಢಿ. ಮಣ್ಣು 35 ಡಿಗ್ರಿ ಇದ್ದರೆ ಬಂದ ಅಂಕಿಯನ್ನು 0.83ರಿಂದ ಗುಣಿಸಬೇಕು. ಮಣ್ಣಿಗೆ ಒಂದು ಥರ್ಮಾಮೀಟರ್ ಚುಚ್ಚಿ ಬರೆದುಕೊಳ್ಳದ ಸಮೀಕ್ಷಕರ ಅಂಕಿಯನ್ನು ಮುಂದಿನ ವರ್ಷದ ಅಂಕಿಯ ಜೊತೆ ಇಟ್ಟು ನೋಡಲಾಗದು.

ಮೂರನೆಯದು ಕಬ್ಬಿಣ. ಇಎಂ ಬಗೆಯ ಯಂತ್ರಕ್ಕೆ ಲೋಹವೆಂದರೆ ಆಗದು. ಪಂಪ್‌ಸೆಟ್, ತಂತಿ ಬೇಲಿ, ಹೂತಿಟ್ಟ ಕಬ್ಬಿಣದ ಪೈಪು, ವಿದ್ಯುತ್ ತಂತಿ ಹತ್ತಿರ ಬಂದರೆ ಓದು ಹುಚ್ಚಾಬಟ್ಟೆ ಜಿಗಿಯುತ್ತದೆ, ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಟ್ರ್ಯಾಕ್ಟರಿನಿಂದ ಕೆಲವು ಮೀಟರ್ ದೂರದಲ್ಲಿ ಮರದ ಅಥವಾ ಪಿವಿಸಿಯ ಜಾರುಹಲಗೆಯ ಮೇಲೆ ಯಂತ್ರವನ್ನು ಕಟ್ಟುವುದು ಇದಕ್ಕೇ. ಕೈಯಲ್ಲಿ ಹಿಡಿದು ನಡೆಯುವವರ ಜೇಬಿನಲ್ಲಿ ಬೀಗದ ಕೈ ಗೊಂಚಲು, ಮೊಬೈಲ್ ಇರಬಾರದು. ಬೆಳಿಗ್ಗೆ ಯಂತ್ರ ಹಚ್ಚಿ ಅರ್ಧ ಗಂಟೆ ಬಿಟ್ಟು ಆಮೇಲೆ ಸೊನ್ನೆ ಹೊಂದಿಸಬೇಕು. ಗಂಟೆಗೊಮ್ಮೆ ಮೊದಲ ಸಾಲಿಗೇ ಮರಳಿ ಓಡಿಸಿ ನೋಡಬೇಕು. ಅದೇ ಸಾಲು ಬೇರೆ ಅಂಕಿ ಕೊಟ್ಟರೆ ಯಂತ್ರ ಸರಿದಿದೆ, ಮತ್ತೆ ಹೊಂದಿಸಬೇಕು.

ಇಷ್ಟೆಲ್ಲ ಆದ ಮೇಲೂ ಗುದ್ದಲಿ ಹಿಡಿಯದೆ ಗತ್ಯಂತರವಿಲ್ಲ. ಯಂತ್ರದ ಅಂಕಿಗಳನ್ನು ನೋಡಿ ಹೊಲದಲ್ಲಿ ಹನ್ನೆರಡು ಜಾಗ ಆರಿಸಿ. ರಿವರ್‌ಸೈಡ್‌ನವರು ಇದಕ್ಕೆಂದೇ ಮಾಡಿದ ತಂತ್ರಾಂಶ 6, 12 ಅಥವಾ 20 ಜಾಗ ಸೂಚಿಸುತ್ತದೆ. ಸಣ್ಣ ಹೊಲಕ್ಕೆ ಹನ್ನೆರಡು ಸಾಕು. ಕೆಟ್ಟ ಜಾಗಗಳನ್ನೇ ಆರಿಸಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಓದು ಕಡಿಮೆ ಬಂದ ಕಡೆ ನಾಲ್ಕು, ನಡುಮಟ್ಟದ ಕಡೆ ನಾಲ್ಕು, ಹೆಚ್ಚಿನ ಕಡೆ ನಾಲ್ಕು, ಅವೂ ಹೊಲದ ಎಲ್ಲ ಮೂಲೆಗೆ ಹರಡಿರಲಿ. ಪ್ರತಿ ಜಾಗದಲ್ಲಿ ಒಂದಡಿ, ಎರಡಡಿ, ಮೂರಡಿ ಆಳದ ಮಣ್ಣನ್ನು ಬೇರೆ ಬೇರೆ ಚೀಲಕ್ಕೆ ತುಂಬಿ, ಅದೇ ದಿನ, ಯಂತ್ರ ಹೋದ ಜಾಡಿನಲ್ಲೇ. ಪ್ರಯೋಗಾಲಯಕ್ಕೆ ಕೊಡುವಾಗ ಇಸಿಇ ಬೇಕು, ಜೊತೆಗೆ ಪಿಎಚ್ ಮತ್ತು ವಿನಿಮಯ ಸೋಡಿಯಂ ಶೇಕಡಾವಾರು ಬೇಕು ಎಂದು ಬರೆದುಕೊಡಿ. ಹೇಳದಿದ್ದರೆ ಮಾಮೂಲಿ ಪರೀಕ್ಷೆಯಷ್ಟೇ ಆಗಿ ಬರುತ್ತದೆ.

ಫಲಿತಾಂಶ ಬಂದ ಮೇಲೆ ಮಗನ ಗ್ರಾಫ್ ಪುಸ್ತಕ ಇಸಿದುಕೊಂಡರೂ ಸಾಕು. ಅಡ್ಡಕ್ಕೆ ಯಂತ್ರದ ಅಂಕಿ, ಉದ್ದಕ್ಕೆ ಪ್ರಯೋಗಾಲಯದ ಇಸಿಇ, ಹನ್ನೆರಡು ಚುಕ್ಕಿ. ಚುಕ್ಕಿಗಳು ಒಂದು ಗೆರೆಯ ಹತ್ತಿರ ಕೂತರೆ ಆ ಗೆರೆಯ ಮೂಲಕ 900 ಅಂಕಿಯನ್ನೂ ಉಪ್ಪಿಗೆ ಬದಲಾಯಿಸಬಹುದು. ಚುಕ್ಕಿಗಳು ಚೆದುರಿ ಹೋದರೆ ಯಂತ್ರ ಓದಿದ್ದು ಉಪ್ಪನ್ನಲ್ಲ, ಜೇಡಿಯನ್ನೋ ತೇವವನ್ನೋ. ಆಗ ಬಣ್ಣದ ನಕ್ಷೆ ಎಷ್ಟು ಚೆಂದವಿದ್ದರೂ ತೆಗೆದು ಪಕ್ಕಕ್ಕಿಡಿ. ಎರೆ-ಮಸಾರಿ ಎರಡೂ ಇರುವ ಹೊಲಕ್ಕೆ ಎರಡು ಗೆರೆ ಬೇಕು. ನಕ್ಷೆ ಬಿಡಿಸಲು ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶ ಸಾಕು, ಊರಿನ ಯಾವುದಾದರೂ ಇಂಜಿನಿಯರಿಂಗ್ ಹುಡುಗ ಒಂದು ಸಂಜೆಯಲ್ಲಿ ಮಾಡಿಕೊಡುತ್ತಾನೆ.

ಉಪಗ್ರಹ, ಡ್ರೋನ್‌ಗಳ ಚಿತ್ರದಿಂದಲೇ ಆಗದೇ ಎಂದು ಕೇಳುವವರಿದ್ದಾರೆ. ಮೇಲಿನ ಬಿಳಿ ಪದರ, ಸೊರಗಿದ ಪೈರು ಅವಕ್ಕೆ ಕಾಣುತ್ತದೆ. ಮೂರಡಿ ಕೆಳಗಿನದು ಕಾಣುವುದಿಲ್ಲ, ಪೈರು ಸೊರಗಿದ್ದು ಉಪ್ಪಿನಿಂದಲೋ ರೋಗದಿಂದಲೋ ಅವು ಹೇಳಲಾರವು.

ನಕ್ಷೆ ಓದುವಾಗ

ನಕ್ಷೆ ಕೈಗೆ ಬಂದಾಗ ಎಷ್ಟು ಕೆಂಪಿದೆ ಎನ್ನುವುದಕ್ಕಿಂತ ಕೆಂಪು ಯಾವ ಆಕಾರದಲ್ಲಿದೆ ಎಂದು ನೋಡಿ. ಉಪ್ಪು ತಾನಾಗಿ ನಡೆಯುವುದಿಲ್ಲ, ನೀರಿನ ಹೆಗಲೇರಿ ಬರುತ್ತದೆ. ಹೊಲಗಾಲುವೆಯ ಉದ್ದಕ್ಕೂ ಪಟ್ಟಿಯಂತೆ ಇದ್ದರೆ ಕಾಲುವೆಯಿಂದ ಬಸಿ ಬರುತ್ತಿದೆ. ಕೆಳಗಿನ ಮೂಲೆಯಲ್ಲಿ ಗುಪ್ಪೆಯಾಗಿದ್ದರೆ ಹೊರದಾರಿ ಮುಚ್ಚಿದೆ, ಬಸಿಗಾಲುವೆಗೆ ಹೋಗಿ ನೋಡಿ. ಮಡಿಯ ನಡುವೆ ದುಂಡಗೆ ಇದ್ದರೆ ಅದು ಬಹುಮಟ್ಟಿಗೆ ಉಬ್ಬು ಜಾಗ. ಅಲ್ಲಿ ನೀರು ನಿಲ್ಲುವುದಿಲ್ಲ, ಸುತ್ತಲಿನ ತೇವವನ್ನು ಹೀರಿ ಒಣಗುತ್ತ ಉಪ್ಪು ಉಳಿಸಿಕೊಳ್ಳುತ್ತದೆ. ಲೇಸರ್ ಲೆವೆಲರ್‌ನಲ್ಲಿ ಮಟ್ಟ ಮಾಡಿಸಿದರೆ ಅರ್ಧ ಕೆಲಸ ಆಯಿತು. ಹತ್ತಿ, ಮೆಣಸಿನಕಾಯಿಯ ಏರುಸಾಲಿನಲ್ಲಿ ಉಪ್ಪು ಏರಿನ ನೆತ್ತಿಗೆ ಬಂದು ಕೂರುತ್ತದೆ. ಗಿಡವನ್ನು ನೆತ್ತಿಗೆ ಬದಲು ಏರಿನ ಮಗ್ಗುಲಿಗೆ ನೆಟ್ಟರೆ ಖರ್ಚಿಲ್ಲದೆ ಉಳಿತಾಯ.

ಬೆಳೆಯ ಲೆಕ್ಕವೂ ನಕ್ಷೆಯಿಂದಲೇ. ಭತ್ತ ಇಸಿಇ 3ರವರೆಗೆ ತಡೆಯುತ್ತದೆ, ಆಮೇಲೆ ಒಂದೊಂದು ಅಂಕಿಗೂ ಇಳುವರಿ ಶೇ 12 ಕುಸಿಯುತ್ತದೆ ಎಂಬುದು ಲೋಕವೆಲ್ಲ ಬಳಸುವ ಸೂತ್ರ. ಎಕರೆಗೆ 40 ಚೀಲ ಬರುವ ನೆಲದಲ್ಲಿ ಇಸಿಇ 6 ಇದ್ದರೆ ಶೇ 36, ಅಂದರೆ ಹದಿನಾಲ್ಕು ಚೀಲ ಹೋಯಿತು. ಅದೇ ನೆಲದಲ್ಲಿ ಹತ್ತಿಗೆ ಏನೂ ಆಗುವುದಿಲ್ಲ, ಅದರ ಮಿತಿ 7.7. ಜೋಳದ್ದು 6.8, ಆದರೆ ಅದನ್ನು ದಾಟಿದರೆ ಜೋಳ ಬೇಗ ಕುಸಿಯುತ್ತದೆ. ಮೆಣಸಿನಕಾಯಿ 1.5ಕ್ಕೇ ಸೋಲುತ್ತದೆ, ಕಬ್ಬು ಮತ್ತು ಮೆಕ್ಕೆಜೋಳ 1.7ಕ್ಕೆ. ಸವಳಿಗೆ ನೀರು ಹೆಚ್ಚು ನಿಲ್ಲಿಸಿದರೆ ಸರಿ ಎಂದು ಭತ್ತವನ್ನೇ ಹಿಡಿದು ಕೂತವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಜಿಪ್ಸಂ ಬಗ್ಗೆ ಒಂದು ಮಾತು. ಸವಳೆಂದರೆ ಜಿಪ್ಸಂ ಎಂಬುದು ಊರೂರಿನ ಮಂತ್ರವಾಗಿದೆ. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಅಂಟಿಕೊಂಡ ಕ್ಷಾರ ಮಣ್ಣಿಗೆ: ಪಿಎಚ್ 8.5 ದಾಟಿ, ವಿನಿಮಯ ಸೋಡಿಯಂ ಶೇ 15 ಮೀರಿ, ನೀರು ಹಾಕಿದರೆ ಇಂಗದೆ ಮೇಲೆ ಕಪ್ಪಗೆ ಎಣ್ಣೆ ಚೆಲ್ಲಿದ ಹಾಗೆ ನಿಲ್ಲುವ ನೆಲಕ್ಕೆ. ಬರೀ ಸವಳಿಗೆ ಅದು ಉಪ್ಪಿನ ಮೇಲೆ ಇನ್ನೊಂದು ಉಪ್ಪು, ಅಷ್ಟೇ. ಎರಡರ ವ್ಯತ್ಯಾಸವನ್ನು ಯಾವ ಓಡಾಡುವ ಯಂತ್ರವೂ ಹೇಳುವುದಿಲ್ಲ. ಆ ಹನ್ನೆರಡು ಜಾಗದ ಮಣ್ಣಿನ ಪಿಎಚ್ ಮತ್ತು ಸೋಡಿಯಂ ಅಂಕಿ ಬೇಕಾಗುವುದು ಇಲ್ಲಿಯೇ. ಬರೀ ಸವಳಿಗೆ ಮದ್ದು ಸಿಹಿನೀರು: ಒಂದಡಿ ಮಣ್ಣಿನ ಮೂಲಕ ಒಂದಡಿ ನೀರು ಬಸಿದು ಹೋದರೆ ಸುಮಾರು ಮುಕ್ಕಾಲು ಪಾಲು ಉಪ್ಪು ಜೊತೆಗೆ ಹೋಗುತ್ತದೆ. ಬಸಿದು ಎಲ್ಲಿಗೆ ಹೋಗಬೇಕು ಎಂಬುದೇ ಪ್ರಶ್ನೆ. ಹೊರದಾರಿ ಇಲ್ಲದ ಹೊಲಕ್ಕೆ ನೀರು ನಿಲ್ಲಿಸುವುದು ಅಂತರ್ಜಲವನ್ನು ಇನ್ನಷ್ಟು ಮೇಲೆ ತರುವ ಕೆಲಸ. ತೆರೆದ ಬಸಿಗಾಲುವೆ ಚೊಕ್ಕಟ ಮಾಡಿದರೂ ಸಾಲದಿದ್ದರೆ ನಾಲ್ಕೈದಡಿ ಆಳದಲ್ಲಿ ತೂತಿನ ಪಿವಿಸಿ ಪೈಪು ಹೂಳುವ ಅಂತರ್ ಬಸಿಗಾಲುವೆ ಇದೆ. ಅದು ಒಬ್ಬರ ಹೊಲದಲ್ಲಿ ಮಾಡಿ ಮುಗಿಯುವ ಕೆಲಸವಲ್ಲ, ಮೇಲಿನವನು ಬಿಟ್ಟ ನೀರು ಕೆಳಗಿನವನ ಹೊಲಕ್ಕೇ ಬರುತ್ತದೆ.

ಯಂತ್ರವೂ ಒಬ್ಬರು ಕೊಳ್ಳುವಂಥದ್ದಲ್ಲ. ಹೊರದೇಶದ್ದು, ಬೆಲೆ ಹಲವು ಲಕ್ಷ, ವರ್ಷದಲ್ಲಿ ಅರ್ಧ ದಿನ ಬೇಕಾಗುವ ಸಾಮಾನು. ಒಂದು ಉಪಕಾಲುವೆಯ ನೀರು ಬಳಕೆದಾರರ ಸಂಘವೋ ರೈತ ಉತ್ಪಾದಕರ ಕಂಪನಿಯೋ ಸೇರಿ, ಕೃಷಿ ವಿಜ್ಞಾನ ಕೇಂದ್ರ ಅಥವಾ ರಾಯಚೂರು ಕೃಷಿ ವಿಶ್ವವಿದ್ಯಾಲಯದವರ ಜೊತೆ ಮಾತಾಡಿ ಮುನ್ನೂರು-ನಾನೂರು ಎಕರೆಯನ್ನು ಒಟ್ಟಿಗೆ ಅಳೆಸಿದರೆ ಖರ್ಚೂ ಹಂಚಿಹೋಗುತ್ತದೆ, ಉಪ್ಪು ಯಾರ ಹೊಲದಿಂದ ಯಾರ ಹೊಲಕ್ಕೆ ಇಳಿಯುತ್ತಿದೆ ಎಂಬುದೂ ತಿಳಿಯುತ್ತದೆ. ಬಾಡಿಗೆಗೆ ಟ್ರ್ಯಾಕ್ಟರ್, ರೋಟವೇಟರ್ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ, ಅಚ್ಚುಕಟ್ಟಿನ ತಾಲ್ಲೂಕುಗಳ ಮಟ್ಟಿಗಾದರೂ, ಇಂಥದ್ದೊಂದು ಯಂತ್ರ ಇಡಬೇಕೆಂದು ಸಂಘಗಳು ಕೇಳಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಎರಡು ಮೀಟರ್ ಉದ್ದದ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ತೂತು ಕೊರೆದು, ಬಟ್ಟೆ ಸುತ್ತಿ, ಹೊಲದ ತಗ್ಗಿನಲ್ಲಿ ಒಂದು, ಎತ್ತರದಲ್ಲಿ ಒಂದು ನೆಟ್ಟಗೆ ಹೂತಿಡಿ. ಹದಿನೈದು ದಿನಕ್ಕೊಮ್ಮೆ ದಾರಕ್ಕೆ ಕಲ್ಲು ಕಟ್ಟಿ ಇಳಿಸಿ ನೀರು ಎಷ್ಟು ಆಳದಲ್ಲಿದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬೆಳೆಯಿಲ್ಲದ ಬೇಸಿಗೆಯಲ್ಲೂ ನೀರು ಒಂದೂವರೆ ಮೀಟರಿಗಿಂತ ಮೇಲೇ ನಿಂತಿದ್ದರೆ, ಮುಂದಿನ ಕೊಯ್ಲಿನ ಹೊತ್ತಿಗೆ ಆ ಹೊಲವನ್ನು ಮೊದಲು ಅಳೆಸಿ.